ಫೋಟೊ ಇರುವಾಗ ಚಿತ್ರ ಏಕೆ ಬಿಡಿಸಬೇಕು?

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೇನೆ. ಕಪ್ಪತಗುಡ್ಡಕ್ಕೆ ಹೋದಾಗಲೆಲ್ಲ ಮೊಬೈಲಿನಲ್ಲಿ ನೂರಾರು ಫೋಟೊ ತೆಗೆದುಕೊಂಡು ಬರುತ್ತೇನೆ. ಆದರೂ ನಮ್ಮ ಸರ್ ಗಿಡದ ಚಿತ್ರವನ್ನು ಕೈಯಿಂದಲೇ ಬಿಡಿಸಬೇಕು ಎನ್ನುತ್ತಾರೆ. ನನಗೆ ಚಿತ್ರಕಲೆ ಬಾರದು. ಜೀವವೈವಿಧ್ಯದ ಅಧ್ಯಯನಕ್ಕೆ ಅದು ನಿಜವಾಗಿಯೂ ಬೇಕೇ?
– ಒಬ್ಬ ವಿದ್ಯಾರ್ಥಿನಿ, ಗದಗ

ಉತ್ತರ: ಬೇಕು, ತಂಗಿ. ಧಾರವಾಡದಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದವಳು ನಾನು. ಅಗ್ನಿಶಿಖೆಯ ಹೂವನ್ನು ಎಷ್ಟೋ ತಂಡಗಳ ಮಕ್ಕಳಿಗೆ ತೋರಿಸಿದ್ದೆ. ಒಂದು ಶ್ರಾವಣದಲ್ಲಿ ಹಿತ್ತಲ ಬೇಲಿಯ ಮೇಲೆ ಅದು ಅರಳಿದಾಗ ಮಣೆ ಹಾಕಿಕೊಂಡು ಕುಳಿತು ಬಿಡಿಸತೊಡಗಿದೆ. ಹಿಂದಕ್ಕೆ ಬಾಗಿದ ಆರು ಎಸಳು, ಆರು ಕೇಸರ ಹಾಳೆಯ ಮೇಲೆ ಬಂದವು. ಅಂಡಾಶಯದ ಮೇಲಿನ ಕಡ್ಡಿಯಂಥ ಭಾಗವಾದ ಶಲಾಕೆಯನ್ನು ನೆಟ್ಟಗೆ ಎಳೆದುಬಿಟ್ಟೆ. ತಲೆಯೆತ್ತಿ ನೋಡಿದರೆ ಅದು ನೆಟ್ಟಗಿರಲಿಲ್ಲ. ಅಂಡಾಶಯದ ತುದಿಯಲ್ಲೇ ಮಡಚಿಕೊಂಡು ಪಕ್ಕಕ್ಕೆ ಅಡ್ಡಲಾಗಿ ಚಾಚಿತ್ತು. ಅಳಿಸಿ ಮತ್ತೆ ಬರೆದೆ. ಎಲೆಯಲ್ಲೂ ಹಾಗೆಯೇ ಆಯಿತು: ಅದರ ತುದಿ ಸುರುಳಿ ಸುತ್ತಿ ಬೇಲಿಯ ಮುಳ್ಳನ್ನು ಹಿಡಿದುಕೊಂಡಿತ್ತು. ಕೈ ತಪ್ಪಿದಾಗ ಕಣ್ಣು ಮತ್ತೆ ಗಿಡಕ್ಕೆ ಹೋಗುತ್ತದೆ. ಫೋಟೊ ತೆಗೆಯುವಾಗ ತಪ್ಪುವುದೇ ಇಲ್ಲ, ಆದ್ದರಿಂದ ಮರಳಿ ನೋಡುವುದೂ ಇಲ್ಲ.

ಚಿತ್ರವೆಂದರೆ ಬರಿಯ ಅಲಂಕಾರ ಎಂದು ತಿಳಿಯಬೇಡ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಗಳ ಚಿತ್ರ ಬರೆಸಿದ. ಇಟ್ಟಿ ಅಚ್ಯುದನ್ ಎಂಬ ನಾಟಿ ವೈದ್ಯರು ಅವುಗಳ ಗುಣಗಳನ್ನು ತಿಳಿಸಿಕೊಟ್ಟರು. ಹೀಗೆ ಸಿದ್ಧವಾದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರ ನಡುವೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಮುಂದೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಭಾರತದ ನೆಲ ತುಳಿಯದೆಯೇ, ಆ ಚಿತ್ರಗಳನ್ನು ನೆಚ್ಚಿಕೊಂಡು ಇಲ್ಲಿನ ಎಷ್ಟೋ ಗಿಡಗಳಿಗೆ ಹೆಸರಿಟ್ಟ. ಅಂಥ ಕೆಲವು ಹೆಸರುಗಳಿಗೆ ಇಂದಿಗೂ ಆ ಚಿತ್ರವೇ ಮೂಲ ಸಾಕ್ಷಿ. ಇದನ್ನು ನೆನೆದಾಗಲೆಲ್ಲ, ಆ ಕುಂಚದ ಕೈಗಳಿಗೆ ಮನಸ್ಸಿನಲ್ಲೇ ನಮಸ್ಕರಿಸುತ್ತೇನೆ.

ಫೋಟೊ ಬೇಡವೆನ್ನುವುದಿಲ್ಲ. ನಿಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯಿಂದ ಒಮ್ಮೆಲೇ ಮೇಲೇಳುವ ಪಟ್ಟೆತಲೆ ಹೆಬ್ಬಾತುಗಳನ್ನು ಎಣಿಸಲು ಕ್ಯಾಮೆರಾವೇ ಸರಿ. ಆದರೆ ಇಂದಿನ ಮೊಗ್ಗು, ನಾಳೆಯ ಹೂವು, ತಿಂಗಳ ಮೇಲಿನ ಕಾಯಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಕೂರಿಸಲು ಪೆನ್ಸಿಲೇ ಬೇಕು.

ಚಿತ್ರಕಲೆ ಬಾರದು ಎಂದೆಯಲ್ಲ, ಅಂದ ಯಾರಿಗೆ ಬೇಕು? ಅಳತೆ ಸರಿಯಿರಲಿ. ಸ್ಕೇಲ್ ಹಿಡಿದು ಎಲೆಯ ಉದ್ದ ಅಗಲ ಬರೆದುಕೊ, ಎಸಳು ಎಣಿಸು, ಕೆಳಗೆ ಊರು, ದಿನಾಂಕ ನಮೂದಿಸು. ಅಗ್ನಿಶಿಖೆಯಿಂದಲೇ ಶುರು ಮಾಡುವುದಾದರೆ ಒಂದು ಎಚ್ಚರಿಕೆ: ಗಿಡವೆಲ್ಲ ವಿಷ, ಗಡ್ಡೆಯಂತೂ ಕಡುವಿಷ. ಕೀಳಲು ಹೋಗಬೇಡ. ಗಿಡ ಇದ್ದಲ್ಲೇ ಇರಲಿ, ನೀನೇ ಅದರ ಮುಂದೆ ಹೋಗಿ ಕುಳಿತುಕೊ.