ನಿಮ್ಮ ಈಸ್ಟ್ ಲೇಖನ ಯಾಕೆ ವಾಪಸ್ ಬಂತು

ನಮಸ್ಕಾರ.

‘ಗಾಯಗೊಂಡ ಕೋಶದ ಜಾಣತನ’ ತಲುಪಿತು. ಭಾಷೆ ತಿಳಿಯಾಗಿದೆ, ಹೇಳಿದ ಮಿತಿಯೊಳಗೇ ಮುಗಿಸಿದ್ದೀರಿ. ಡಿಎನ್‌ಎ ಹೊತ್ತ ಕ್ರೋಮೊಸೋಮ್ ತುಂಡಾದಾಗ ಈಸ್ಟ್ ಕೋಶ ಏನು ಮಾಡುತ್ತದೆ ಅಂತ ಕನ್ನಡದಲ್ಲಿ ಬರೆಯೋರು ಕಡಿಮೆ. ಆ ಮಟ್ಟಿಗೆ ಸಂತೋಷ. ಇನ್ನು ಜಗಳಕ್ಕೆ ಬರುತ್ತೇನೆ.

ಎರಡನೇ ಪ್ಯಾರಾದಲ್ಲಿ ಹೀಗಿದೆ: ‘ಹಾನಿಯಾದ ಕೂಡಲೇ ಕೋಶಕ್ಕೆ ಅಪಾಯದ ಅರಿವಾಗುತ್ತದೆ. ಕಾವಲು ಪಡೆ ಎಚ್ಚೆತ್ತು ಕಾರ್ಯಾಚರಣೆಗೆ ಇಳಿಯುತ್ತದೆ.’ ಅರಿವಾಗೋದು ಹೇಗೆ ಸ್ವಾಮಿ? ಕೋಶಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಓದುಗರು ಬಂದಿದ್ದೇ ಅದನ್ನು ತಿಳಿಯೋಕೆ. ಸರಿಯಾಗಿ ಅಲ್ಲೇ ನೀವು ಪಡೆ ತಂದು ನಿಲ್ಲಿಸಿದ್ದೀರಿ. ಮುಂದಿನ ಪ್ಯಾರಾದಲ್ಲಿ ಪಡೆ ಹೋಗಿ ವೈದ್ಯರು ಬಂದರು, ಅದರಾಚೆ ನ್ಯಾಯಾಧೀಶರು.

ನಡೆಯೋದು ಇದು. ಎರಡೂ ಎಳೆ ಕಡಿದುಹೋದ ಡಿಎನ್‌ಎ ತುದಿಯನ್ನು ಕಿಣ್ವಗಳು ಮೇಯತೊಡಗುತ್ತವೆ. ಒಂದು ಎಳೆ ಸವೆದು, ಇನ್ನೊಂದು ಒಂಟಿಯಾಗಿ ಉಳಿಯುತ್ತದೆ. ಆ ಒಂಟಿ ಎಳೆಗೆ ಆರ್‌ಪಿಎ ಅನ್ನುವ ಪ್ರೋಟೀನು ಮೆತ್ತಿಕೊಳ್ಳುತ್ತದೆ. ಅದರ ಮೇಲೆ ಮೆಕ್1 ಅನ್ನುವ ಕಿಣ್ವ ತನ್ನ ಜೊತೆಗಾರ ಪ್ರೋಟೀನಿನ ಮೂಲಕ ಬಂದು ಕೂರುತ್ತದೆ. ಅಲ್ಲಿಂದ ಸುದ್ದಿ ರಾಡ್9, ರಾಡ್53 ಅನ್ನುವ ಪ್ರೋಟೀನುಗಳಿಗೆ ದಾಟುತ್ತದೆ. ಕೊನೆಗೆ ಪಿಡಿಎಸ್1 ಅನ್ನುವ ಇನ್ನೊಂದು ಪ್ರೋಟೀನು ನಾಶವಾಗದೆ ಉಳಿಯುತ್ತದೆ. ಅದು ಇರುವಷ್ಟು ಹೊತ್ತು ಜೋಡಿ ಕ್ರೋಮೊಸೋಮ್‌ಗಳು ಬೇರೆಯಾಗೋ ಹಾಗಿಲ್ಲ. ಇಷ್ಟೂ ಹೆಸರು ಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಒಂಟಿ ಎಳೆಯನ್ನು ಬಿಟ್ಟರೆ ಲೇಖನದಲ್ಲಿ ಉಳಿಯೋದೇನು?

ನನಗೆ ನಿಜಕ್ಕೂ ಸಿಟ್ಟು ಬಂದದ್ದು ನಾಲ್ಕನೇ ಪ್ಯಾರಾ ನೋಡಿ. ‘1988ರಲ್ಲಿ ಅಮೆರಿಕದ ವಿಜ್ಞಾನಿಗಳು ಡಿಎನ್‌ಎ ಸರಿಪಡಿಸುವ ರಾಡ್9 ಜೀನನ್ನು ಕಂಡುಹಿಡಿದರು.’

‘ಅಮೆರಿಕದ ವಿಜ್ಞಾನಿಗಳು’: ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಟೆಡ್ ವೈನರ್ಟ್, ಲೀಲೆಂಡ್ ಹಾರ್ಟ್‌ವೆಲ್. ಹೆಸರು ಬರೆಯೋಕೆ ಏನು ಕಷ್ಟ? ಹಾರ್ಟ್‌ವೆಲ್‌ಗೆ 2001ರಲ್ಲಿ ನೊಬೆಲ್ ಕೂಡ ಬಂತು.

‘ಕಂಡುಹಿಡಿದರು’: ಇಲ್ಲ. ರಾಡ್9 ಜೀನು ಕೆಟ್ಟ ಈಸ್ಟ್ ವಿಕಿರಣ ತಾಳುವುದಿಲ್ಲ ಅನ್ನೋದು ಮೊದಲೇ ಗೊತ್ತಿತ್ತು. ಯಾಕೆ ತಾಳುವುದಿಲ್ಲ ಅನ್ನೋದು ಅವರ ಪ್ರಶ್ನೆ.

‘ಸರಿಪಡಿಸುವ’: ಇಲ್ಲಿ ಇಡೀ ಕಥೆ ತಲೆಕೆಳಗಾಯಿತು. ಅವರು ತಟ್ಟೆಯ ಮೇಲಿನ ಈಸ್ಟಿಗೆ ಎಕ್ಸ್‌ರೇ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಹೋದರು. ಸಾಮಾನ್ಯ ಈಸ್ಟ್, ತಾಯಿಕೋಶ ಮತ್ತು ಅದರಷ್ಟೇ ದಪ್ಪ ಮೊಗ್ಗು (ಅಂದರೆ ಹುಟ್ಟುತ್ತಿರುವ ಮರಿಕೋಶ), ಅಲ್ಲಿಗೆ ನಿಂತುಬಿಟ್ಟಿತು. ರಾಡ್9 ಕೆಟ್ಟದ್ದು ನಿಲ್ಲಲಿಲ್ಲ. ಮುರುಕು ಕ್ರೋಮೊಸೋಮ್ ಇಟ್ಟುಕೊಂಡೇ ಇನ್ನೂ ಕೆಲವು ಸಲ ವಿಭಜನೆಯಾಗಿ, ಚಿಕ್ಕ ಗುಂಪಾಗಿ, ಸತ್ತಿತು. ಆಮೇಲೆ ಒಂದು ಉಪಾಯ ಮಾಡಿದರು. ಕೋಶವಿಭಜನೆ ತಡೆಯುವ ಒಂದು ಔಷಧಿ ಹಾಕಿ ರಾಡ್9 ಕೆಟ್ಟ ಕೋಶಗಳನ್ನು ಬಲವಂತವಾಗಿ ಕೆಲವು ಗಂಟೆ ನಿಲ್ಲಿಸಿದರು. ಆಗ ಅವುಗಳಲ್ಲಿ ಬದುಕಿದವು ಎಷ್ಟೋ ಜಾಸ್ತಿ! ಅಂದರೆ ರಿಪೇರಿ ಮಾಡೋಕೆ ಅವಕ್ಕೆ ಬರುತ್ತಿತ್ತು, ನಿಲ್ಲೋಕೆ ಬರುತ್ತಿರಲಿಲ್ಲ ಅಷ್ಟೆ. ಇಂಥ ಪ್ರಯೋಗ ಕೈಯಲ್ಲಿದ್ದೂ ಒಂದು ಸಾಲಲ್ಲಿ ಸಾಗಹಾಕಿದ್ದೀರಲ್ಲ!

ನಾನು ವಾರಪತ್ರಿಕೆಗೆ ಸೇರಿದ ಹೊಸತರಲ್ಲಿ ನನ್ನ ಕೆಲಸ ಪತ್ರಿಕಾ ಪ್ರಕಟಣೆಗಳನ್ನು ಇಳಿಸಿ ಬರೆಯೋದು. ಅಡಿಕೆಯ ಕೊಳೆರೋಗದ ಬಗ್ಗೆ ಒಂದು ಪ್ರಕಟಣೆ ಬಂದಿತ್ತು, ಎಲ್ಲ ಕಡೆ ‘ತಜ್ಞರು ಪತ್ತೆಹಚ್ಚಿದ್ದಾರೆ’. ನಮ್ಮ ಹಿರಿಯ ಉಪಸಂಪಾದಕರು ಅದನ್ನು ನನ್ನ ಮುಂದಿಟ್ಟು, ಫೋನಿನ ಕಡೆ ಕೈ ತೋರಿಸಿದರು. “ತೋಟದಲ್ಲಿ ಮೊದಲು ಏನು ಕಣ್ಣಿಗೆ ಬಿತ್ತು ಅಂತ ಕೇಳಯ್ಯಾ.” ಆ ವಿಜ್ಞಾನಿ ಫೋನ್ ಇಡಲೇ ಒಲ್ಲರು. ಉದುರಿದ ಎಳೆಗಾಯಿ, ಅದರ ಮೇಲಿನ ಬಿಳಿ ಬೂಸು, ಬಿಟ್ಟೂಬಿಡದ ಮಳೆ, ಎಲ್ಲ ಬಂತು. ಪ್ರಕಟಣೆಯಲ್ಲಿ ಅದರ ಒಂದಕ್ಷರವೂ ಇರಲಿಲ್ಲ. ಆ ಹಿರಿಯರು ಹೊಗಳಿದ್ದು ನನಗೆ ನೆನಪಿಲ್ಲ, ಫೋನ್ ಬಿಲ್ ಬಗ್ಗೆ ಗೊಣಗಿದ್ದು ನೆನಪಿದೆ.

ಕ್ಯಾನ್ಸರ್ ಬಗ್ಗೆ ಬರೆದ ಭಾಗಕ್ಕೆ ನಾನು ಕೈ ಹಾಕಿಲ್ಲ. ಪಡೆ, ವೈದ್ಯರು, ನ್ಯಾಯಾಧೀಶರನ್ನು ಮನೆಗೆ ಕಳಿಸಿ. ಆ ತಟ್ಟೆಯಿಂದ ಶುರುಮಾಡಿ, ಔಷಧಿ ಹಾಕಿದ ಪ್ರಯೋಗಕ್ಕೆ ಎರಡು ಪ್ಯಾರಾ ಕೊಡಿ. ಪುಟ ಕಡಿಮೆ ಬಿದ್ದರೆ ಕೇಳಿ, ಕೊಡುತ್ತೇನೆ.