ಕನ್ನಡಕ ಮರೆತು ಬಂದ ಮೇಸ್ತ್ರಿ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಸೋಮವಾರಪೇಟೆ ಕಡೆಯ ಕಾಫಿ ತೋಟವೊಂದರ ಮೇಸ್ತ್ರಿ. ನಲವತ್ತರ ಆಸುಪಾಸು. ಹೆಂಡತಿಯೇ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಕರೆತಂದಿದ್ದರು. "ಮೂರನೇ ಕ್ಲಾಸಿನ ಮಗಳು ಕಾಗುಣಿತ ತಪ್ಪಿದ್ರೆ ಹೊಡೀತಾರೆ ಮೇಡಂ. ಯಾವ ತೋಟದಲ್ಲೂ ನೆಟ್ಟಗೆ ನಿಲ್ಲಲ್ಲ" ಅಂದರು.

ಮಾತು ಶುರು ಮಾಡುವ ಮೊದಲು ಓದಿ ಸಹಿ ಹಾಕಲು ಒಪ್ಪಿಗೆ ಪತ್ರ ಕೊಟ್ಟೆ. ಮೇಸ್ತ್ರಿ ಜೇಬು ಮುಟ್ಟಿ ನೋಡಿಕೊಂಡು, "ಕನ್ನಡಕ ಮನೇಲೇ ಬಿಟ್ಟು ಬಂದೆ" ಅಂದರು. ಹೆಂಡತಿ ತಲೆ ತಗ್ಗಿಸಿದರು. ಮೇಸ್ತ್ರಿ ಹತ್ತಿರ ಕನ್ನಡಕವೇ ಇರಲಿಲ್ಲ.

ಪತ್ರ ನಾನೇ ಓದಿ ಹೇಳಿದೆ. ಆಮೇಲೆ ಒಂದೊಂದೇ ಮಾತು ಬಂತು. ಬೆಳೆದದ್ದು ತೋಟದ ಕೂಲಿಯವರ ಲೈನ್ ಮನೆಯಲ್ಲಿ. ಅಪ್ಪ ಕುಡಿದು ಬರುತ್ತಿದ್ದರು. ತೋಟ ಬದಲಾದಾಗೆಲ್ಲ ಶಾಲೆಯೂ ಬದಲು. ಒತ್ತಕ್ಷರ ಬಂದರೆ ಇಡೀ ಸಾಲು ಕಲಸಿಹೋಗುತ್ತಿತ್ತಂತೆ. ಕ್ಲಾಸಲ್ಲಿ ಹೊರಗೆ ನಿಲ್ಲಿಸುತ್ತಿದ್ದರು, ಮನೆಯಲ್ಲಿ ಬೆಲ್ಟಿನೇಟು. ಆರನೇ ಕ್ಲಾಸಿಗೆ ಓದು ಮುಗಿಯಿತು.

ಆದರೆ ಇವರ ತಲೆ ನೋಡಿ. ಕುಯ್ಲಿನ ಸಮಯದಲ್ಲಿ ಸಂಜೆ ತೂಕ ಆಗುವಾಗ ಯಾರದ್ದು ಎಷ್ಟು ಕೆ.ಜಿ. ಅಂತ ಅಷ್ಟೂ ಜನರ ಲೆಕ್ಕ ನೆನಪಿಟ್ಟುಕೊಳ್ಳುತ್ತಾರೆ. ರಾತ್ರಿ ಹೆಂಡತಿ ಕೈಲಿ ಬರೆಸುತ್ತಾರೆ. ಸಾಹುಕಾರರು ಖುಷಿಯಾಗಿ, "ಇನ್ಮೇಲೆ ರೈಟರ್ ಕೆಲಸವೂ ನೀನೇ ನೋಡ್ಕೋ, ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪುಸ್ತಕ) ಬರಿ" ಅಂದರೆ ಮುಗೀತು. ಏನೋ ಜಗಳ ತೆಗೆದು ಕೆಲಸ ಬಿಡುತ್ತಾರೆ. ಊರವರು ಮುಂಗೋಪಿ ಅಂತಾರೆ. ಅದು ಕೋಪ ಅಲ್ಲ, ಭಯ. ನನಗನ್ನಿಸಿದ್ದು, ಓದಲು ಬಾರದ್ದಕ್ಕಿಂತ ಅದನ್ನು ಮುಚ್ಚಿಡುವ ಕೆಲಸವೇ ಇವರನ್ನು ಜಾಸ್ತಿ ಹಣ್ಣು ಮಾಡಿತ್ತು.

ಇದು ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಓದಿ ಬರೆಯೋಕೆ ಕಷ್ಟವಾಗುವ ಕಲಿಕೆಯ ತೊಂದರೆ ಇರಬಹುದು, ಅದಕ್ಕೂ ದಡ್ಡತನಕ್ಕೂ ಸಂಬಂಧ ಇಲ್ಲ ಅಂದೆ. ಏಟು, ಹೆದರಿಕೆ, ಶಾಲೆ ತಪ್ಪಿದ್ದು ಕೂಡ ಕಲಿಕೆ ಕೆಡಿಸುತ್ತವೆ. ಯಾವುದರ ಪಾಲೆಷ್ಟು ಅಂತ ಪರೀಕ್ಷೆ ಮಾಡದೆ ಹೇಳೋಕಾಗಲ್ಲ. ಡಿಸ್ಲೆಕ್ಸಿಯಾ ಎಷ್ಟೋ ಸಲ ಮನೆತನದಲ್ಲೇ ಬರುತ್ತದೆ ಅಂದಾಗ ಥಟ್ಟನೆ ಕೇಳಿದರು: "ಹಾಗಾದ್ರೆ ಮಗಳು ಬೇಕಂತ ತಪ್ಪು ಬರೀತಿಲ್ವಾ?"

ಮೊದಲ ಸಲಹೆ ಅಲ್ಲಿಂದಲೇ ಶುರು. ಹೊಡೆಯೋದು ಇವತ್ತಿಗೇ ನಿಲ್ಲಬೇಕು, ಇದರಲ್ಲಿ ರಾಜಿ ಇಲ್ಲ. ಹೋಂವರ್ಕ್ ಸದ್ಯ ಅಮ್ಮ ನೋಡಲಿ, ಬಾಯಿಲೆಕ್ಕ ಅಪ್ಪ ಹೇಳಿಕೊಡಲಿ. ಮಗಳ ತಪಾಸಣೆಗೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಅಲ್ಲಿ ಆಗದಿದ್ದರೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಸಿಕ್ಕರೆ ಮುಂದೆ ಪರೀಕ್ಷೆಗಳಲ್ಲಿ ಹೆಚ್ಚು ಸಮಯ ಕೇಳಬಹುದು.

ಅಪ್ಪನಿಗೆ ಹೇಳಿದ್ದು, ಸಾಹುಕಾರರಿಗೆ ನಿಜ ಹೇಳಿಬಿಡಿ ಅಂತ. "ಲೆಕ್ಕ ನಾನು ನೋಡ್ಕೊಳ್ತೀನಿ, ಬರೆಯೋಕೆ ಒಬ್ಬರನ್ನ ಕೊಡಿ." ಈ ಮಾತನ್ನು ನನ್ನ ಎದುರೇ ಹೇಳಿ ಅಭ್ಯಾಸ ಮಾಡಿದರು. ನಾಲಿಗೆ ಒಣಗಿತು, ನೀರು ಕುಡಿದು ಮತ್ತೆ ಹೇಳಿದರು. ರಾತ್ರಿ ಎದೆ ಹೊಡೆದುಕೊಂಡು ನಿದ್ದೆ ಹತ್ತದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ ಅಂತಲೂ ತಿಳಿಸಿದೆ.

ಸಾಹುಕಾರರಿಗೆ ಇನ್ನೂ ಹೇಳಿಲ್ಲ. ಕುಯ್ಲು ಮುಗೀಲಿ ಅಂತಿದ್ದಾರೆ, ನಾನೂ ಒತ್ತಾಯ ಮಾಡಿಲ್ಲ. ಮಗಳ ಮೇಲೆ ಮತ್ತೆ ಕೈ ಎತ್ತಿಲ್ಲವಂತೆ. ಅವಳನ್ನು ಮಡಿಕೇರಿಗೆ ಕರ್ಕೊಂಡು ಹೋಗೋಕೆ ದಿನ ಗೊತ್ತು ಮಾಡಿದ್ದಾರೆ.