ಕಲಾ ಇತಿಹಾಸಕಾರ ಎರ್ವಿನ್ ಪನೋಫ್ಸ್ಕಿ ಜರ್ಮನಿಯ ಪ್ರಾಧ್ಯಾಪಕ ಹುದ್ದೆ ಬಿಟ್ಟದ್ದೇಕೆ?

ಬಿಟ್ಟದ್ದಲ್ಲ, ಬಿಡಿಸಿದ್ದು. ಹ್ಯಾನೋವರ್‌ನಲ್ಲಿ ಹುಟ್ಟಿದ ಪನೋಫ್ಸ್ಕಿ 1914ರಲ್ಲಿ ಫ್ರೈಬರ್ಗ್‌ನಲ್ಲಿ ಜರ್ಮನ್ ಚಿತ್ರಕಾರ ಡ್ಯೂರರ್ ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದರು. 1926ರಲ್ಲಿ ಹ್ಯಾಂಬರ್ಗ್‌ನಲ್ಲಿ ಪ್ರಾಧ್ಯಾಪಕರಾದರು. 1933ರಲ್ಲಿ ನಾಜಿ ಸರ್ಕಾರ ಯಹೂದಿ ಅಧ್ಯಾಪಕರನ್ನು ಕಿತ್ತುಹಾಕಿದಾಗ, ಯಹೂದಿಯೇ ಆಗಿದ್ದ ಪನೋಫ್ಸ್ಕಿ ನ್ಯೂಯಾರ್ಕ್‌ನಲ್ಲಿ ಪಾಠ ಹೇಳುತ್ತಿದ್ದರು. ವಜಾ ಸುದ್ದಿ ಹೊತ್ತು ಬಂದ ಟೆಲಿಗ್ರಾಂ ಮೇಲೆ ಹಸಿರು ಪಟ್ಟಿ, ಅದರಲ್ಲಿ ಈಸ್ಟರ್ ಹಬ್ಬದ ಶುಭಾಶಯ! 1935ರಲ್ಲಿ ಪ್ರಿನ್ಸ್‌ಟನ್‌ನ ಉನ್ನತ ಅಧ್ಯಯನ ಸಂಸ್ಥೆ ಸೇರಿ, ಉಳಿದ ವೃತ್ತಿಜೀವನವನ್ನು ಅಮೆರಿಕದಲ್ಲೇ ಕಳೆದರು.

ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ಅಧ್ಯಾಪನ ಅರ್ಹತೆಗಾಗಿ 1920ರಲ್ಲಿ ಹ್ಯಾಂಬರ್ಗ್‌ಗೆ ಸಲ್ಲಿಸಿದ್ದ, ಮೈಕೆಲೇಂಜೆಲೊ ಕುರಿತ ಅವರ ಹಸ್ತಪ್ರತಿ ಕಳೆದೇಹೋಯಿತೆಂದು ಎಲ್ಲರೂ ನಂಬಿದ್ದರು. 2012ರಲ್ಲಿ ಅದು ಸಿಕ್ಕಿತು. ಸಿಕ್ಕಿದ್ದು ಮ್ಯೂನಿಕ್‌ನಲ್ಲಿ, ಒಂದು ಕಾಲದಲ್ಲಿ ನಾಜಿ ಪಕ್ಷದ ಕಚೇರಿಯಾಗಿದ್ದ ಕಟ್ಟಡದ ತಿಜೋರಿಯೊಳಗೆ.